ಗುಳ್ಳೆನೀರಿಗೆ ಊರಿಗೊಂದು ಹೆಸರು

ನಮ್ಮ ಬೀದಿಯ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಅಮೆರಿಕಾ ದೇಶದ ಓಹಾಯೋ ಸಂಸ್ಥಾನದಲ್ಲಿರುವ ತಮ್ಮ ಮಗನ ಮನೆಗೆ ಹೋಗಿದ್ದರು. ವಯಸ್ಸು ಎಪ್ಪತ್ತನ್ನು ಸಮೀಪಿಸಿದೆ. ಸಕ್ಕರೆ ಕಾಯಿಲೆ ಹದಿನೈದು ವರ್ಷಗಳಿಂದ ಉಂಟು. ಊಟವಾದ ಮೇಲೆ ಹೊಟ್ಟೆಯುಬ್ಬರಿಸಿದರೆ ಒಂದು ಸೋಡಾ ಕುಡಿದು ತೇಗುವುದು ಅವರ ಬಹುಕಾಲದ ಅಭ್ಯಾಸ. ಒಂದು ದಿನ ಮಗನ ಸಂಗಡ ಹೋಟೆಲೊಂದರಲ್ಲಿ ಊಟ ಮುಗಿಸಿ, ಮಗನು ಕೈತೊಳೆಯಲು ಎದ್ದುಹೋದ ಸಮಯದಲ್ಲಿ, ಬಡಿಸುವ ಹುಡುಗಿಯನ್ನು ಕರೆದು ತಾವೇ ‘ಸೋಡಾ’ ಬೇಕೆಂದು ಕೇಳಿದರು. “ಯಾವ ಸೋಡಾ?” ಎಂದಳು ಆಕೆ. ಸೋಡಾದಲ್ಲಿ ಯಾವುದೆಂದರೇನು? ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. ಯಾವುದಾದರೂ ಸರಿಯೆಂದರು. ಬಂದದ್ದು ಮಂಜುಗಡ್ಡೆ ತುಂಬಿದ ಒಂದು ದೊಡ್ಡ ಲೋಟ. ಅದರೊಳಗೆ ನೀರಿನಷ್ಟೇ ತಿಳಿಯಾದ, ಗುಳ್ಳೆಯೇಳುವ ದ್ರವ. ಕೊರೆಯುವ ತಂಪಿನಲ್ಲಿ ನಾಲಗೆಗೆ ಸಿಹಿಯು ಪೂರ್ಣವಾಗಿ ಹತ್ತಲಿಲ್ಲ. ‘ಈ ದೇಶದ ಸೋಡಾ ಚೂರು ಸಿಹಿಯೆಂದು ತೋರುತ್ತದೆ’ ಎಂದುಕೊಂಡು ಅವರು ಲೋಟವನ್ನು ಬರಿದುಮಾಡಿದರು. ಅಲ್ಲಿಯ ಪದ್ಧತಿಯಂತೆ ಹುಡುಗಿಯು ಕೇಳದೆಯೇ ಇನ್ನೊಮ್ಮೆ ತುಂಬಿಸಿದಳು, ಅದನ್ನೂ ಕುಡಿದರು. ಸಾಯಂಕಾಲ ತಲೆಸುತ್ತು ಬಂದು, ಮಗನು ಗಾಬರಿಯಿಂದ ಬೆರಳು ಚುಚ್ಚಿ ಪರೀಕ್ಷಿಸಿದಾಗ ರಕ್ತದ ಸಕ್ಕರೆಯ ಅಂಕಿಯು ಮುನ್ನೂರನ್ನು ದಾಟಿತ್ತು.

ಹಿಂದಿರುಗಿ ಬಂದು ನಮ್ಮ ಜಗಲಿಯ ಮೇಲೆ ಕುಳಿತು ಅವರು ಈ ಸಂಗತಿಯನ್ನು ಹೇಳಿದಾಗ ನಾವೆಲ್ಲರೂ ನಕ್ಕೆವು. ಅವರ ಮನೆಯಾಕೆ ಮಾತ್ರ ನಗಲಿಲ್ಲ. “ನೀರು ಕೇಳಿದವರಿಗೆ ಪಾಯಸ ಕೊಟ್ಟ ಹಾಗಾಯಿತು. ಕೇಳಿದವರದು ತಪ್ಪೋ, ಕೊಟ್ಟವರದು ತಪ್ಪೋ?” ಎಂದು ಆಕೆ ಕೇಳಿದರು. ವಿಚಾರಿಸಿ ನೋಡಿದರೆ ಇಬ್ಬರದೂ ಅಲ್ಲ. ಒಂದೇ ಶಬ್ದವು ಎರಡು ದೇಶಗಳಲ್ಲಿ ಎರಡು ಹಾದಿಯಲ್ಲಿ ಬೆಳೆದುದರ ಫಲವದು. ಆ ಹಾದಿಗಳು ಯಾವುವೆಂದು ಅಂದಿನಿಂದ ನಾವು ಹುಡುಕತೊಡಗಿದೆವು. ದೊರೆತ ವಿಷಯವು ವಾಚಕರಿಗೂ, ಮುಖ್ಯವಾಗಿ ಮಕ್ಕಳ ಮನೆಗೆಂದು ಪರದೇಶಕ್ಕೆ ಹೊರಟಿರುವ ಹಿರಿಯರಿಗೂ, ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಪದಾರ್ಥದ ಮಾತು. ನೀರಿನಲ್ಲಿ ಅಂಗಾರಾಮ್ಲ ವಾಯುವನ್ನು, ಎಂದರೆ ಈಗಿನ ಶಾಲಾಪುಸ್ತಕಗಳು ಇಂಗಾಲದ ಡೈ ಆಕ್ಸೈಡ್ ಎಂದು ಕರೆಯುವ ವಾಯುವನ್ನು, ಒತ್ತಿ ಕರಗಿಸಿದರೆ ಗುಳ್ಳೆನೀರಾಗುತ್ತದೆ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಯು ೧೭೬೭ನೆಯ ಇಸವಿಯಲ್ಲಿ ತನ್ನ ನೆರೆಯ ಬಿಯರ್ ಕಾರ್ಖಾನೆಯಲ್ಲಿ ಹುಳಿಯೇಳುತ್ತಿದ್ದ ತೊಟ್ಟಿಗಳ ಮೇಲೆ ಈ ವಾಯುವು ನಿಂತಿರುವುದನ್ನು ಕಂಡು, ಅಲ್ಲಿಯೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದು, ಚುರುಗುಟ್ಟುವ ಹಿತವಾದ ನೀರನ್ನು ಪಡೆದನು. ೧೭೭೨ರಲ್ಲಿ ಅದರ ವಿಧಾನವನ್ನು ಚಿಕ್ಕದೊಂದು ಪುಸ್ತಕವಾಗಿ ಅಚ್ಚುಹಾಕಿಸಿದನು; ಮರುವರ್ಷ ರಾಯಲ್ ಸೊಸೈಟಿಯ ಪದಕವು ದೊರೆಯಿತು. ಹಡಗಿನ ಯಾತ್ರಿಕರನ್ನು ಕಾಡುತ್ತಿದ್ದ ವಸಡಿನ ರೋಗಕ್ಕೆ ಇದು ಮದ್ದಾದೀತೆಂದು ಅವನು ನಂಬಿದ್ದನು. ಮದ್ದಾಗಲಿಲ್ಲ, ಪಾನೀಯವಾಯಿತು. ಜಿನೀವಾ ನಗರದ ಶ್ವೆಪ್ ಎಂಬುವನು ೧೭೮೩ರಲ್ಲಿ ಇದನ್ನು ವ್ಯಾಪಾರವಾಗಿ ತಯಾರಿಸಲು ತೊಡಗಿ, ೧೭೯೨ರಲ್ಲಿ ಲಂಡನ್ನಿಗೆ ಬಂದನು. ಅವನ ಹೆಸರಿನ ಸೀಸೆಗಳು ಇಂದಿಗೂ ಅಂಗಡಿಗಳಲ್ಲಿ ಕಾಣಸಿಗುತ್ತವೆ.

ಹಾಗಾದರೆ ‘ಸೋಡಾ’ ಎಂಬ ಹೆಸರೇಕೆ? ಯೂರೋಪಿನಲ್ಲಿ ನೆಲದಿಂದ ತಾನಾಗಿ ಗುಳ್ಳೆಯೊಡನೆ ಉಕ್ಕುವ ಚಿಲುಮೆಗಳು ಹಲವಿದ್ದುವು. ಅವುಗಳ ನೀರು ಆರೋಗ್ಯಕ್ಕೆ ಹಿತವೆಂದು ಸಿರಿವಂತರು ದೂರದಿಂದ ತರಿಸಿ ಕುಡಿಯುತ್ತಿದ್ದರು. ಜರ್ಮನಿಯ ಸೆಲ್ಟರ್ಸ್ ಎಂಬ ಗ್ರಾಮದ ನೀರಿನಿಂದಲೇ ‘ಸೆಲ್ಟ್ಜರ್’ ಎಂಬ ಹೆಸರು ಬಂದಿತು. ಆ ಚಿಲುಮೆಗಳ ಉಪ್ಪಿನ ರುಚಿಯನ್ನು ಅನುಕರಿಸುವುದಕ್ಕಾಗಿ ತಯಾರಕರು ನೀರಿಗೆ ಒಂದಿಷ್ಟು ಸೋಡಾ ಲವಣವನ್ನು ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಲವಣವನ್ನು ಹಾಕುವುದು ಬಹುಮಟ್ಟಿಗೆ ನಿಂತುಹೋಯಿತು, ಹೆಸರು ನಿಂತುಕೊಂಡಿತು. ನಮ್ಮ ಅಡಿಗೆಯ ಮನೆಯಲ್ಲಿ ಬೋಂಡದ ಹಿಟ್ಟಿಗೆ ಹಾಕುವ ಸೋಡಾ, ಬಟ್ಟೆ ಒಗೆಯುವ ಸೋಡಾ, ಕುಡಿಯುವ ಸೋಡಾ, ಈ ಮೂರೂ ಹೆಸರಿನಲ್ಲಿ ದಾಯಾದಿಗಳಾದುದು ಹೀಗೆ. ಮನೆಗೆ ಹೊಸದಾಗಿ ಬಂದ ಕೆಲಸದ ಹುಡುಗನಿಗೆ ‘ಸೋಡಾ ತಾ’ ಎಂದು ಹೇಳಿ ಕಳುಹಿಸಿದರೆ ಅವನು ಏನನ್ನು ತಂದಾನೆಂಬುದು ಹೇಳಿದವರು ಹಜಾರದಲ್ಲಿದ್ದರೋ ಒಲೆಯ ಮುಂದಿದ್ದರೋ ಎಂಬುದನ್ನು ಅವಲಂಬಿಸಿದೆ.

ಅಮೆರಿಕಾದಲ್ಲಿ ಈ ನೀರಿನ ವ್ಯಾಪಾರವು ಬೇರೊಂದು ರೀತಿಯಲ್ಲಿ ಬೆಳೆಯಿತು. ಯೇಲ್ ವಿದ್ಯಾಲಯದ ರಸಾಯನಶಾಸ್ತ್ರದ ಅಧ್ಯಾಪಕನಾದ ಬೆಂಜಮಿನ್ ಸಿಲಿಮನ್ನನು ೧೮೦೬ರಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಇದನ್ನು ಮಾರತೊಡಗಿದನು. ಅಲ್ಲಿಂದ ಮುಂದೆ ಔಷಧದ ಅಂಗಡಿಗಳಲ್ಲಿ ಅಮೃತಶಿಲೆಯ ಹಲಗೆಗಳೂ, ಹಿತ್ತಾಳೆಯ ನಲ್ಲಿಗಳೂ ಉಳ್ಳ ಸೋಡಾ ಕಾರಂಜಿಗಳು ಎದ್ದುವು. ಅಂಗಡಿಯವನು ಲೋಟದ ತಳಕ್ಕೆ ಹಣ್ಣಿನ ಇಲ್ಲವೆ ಬೇರಿನ ಸಿಹಿಪಾಕವನ್ನು ಹಾಕಿ, ಮೇಲೆ ನಲ್ಲಿಯಿಂದ ಸೋಡಾ ನೀರನ್ನು ಬಿಟ್ಟು ಕೊಡುವನು. ಜನರು ಅಲ್ಲಿಗೆ ಹೋಗುತ್ತಿದ್ದುದು ಸಿಹಿಗಾಗಿಯೇ ಹೊರತು ಬರಿಯ ನೀರಿಗಾಗಿ ಅಲ್ಲ. ಹೀಗೆ ಒಂದೆರಡು ತಲೆಮಾರುಗಳಲ್ಲಿ ‘ಸೋಡಾ’ ಎಂದರೆ ಸಿಹಿಯಾದುದೇ ಎಂಬ ಅರ್ಥವು ಅಲ್ಲಿ ನೆಲೆಯೂರಿತು. ನಮ್ಮ ಹಿರಿಯರ ತಲೆಸುತ್ತಿನ ಮೂಲವು ಆ ಔಷಧದಂಗಡಿಯ ನಲ್ಲಿಯಲ್ಲಿದೆ.

ಆದರೆ ಅಮೆರಿಕಾದಲ್ಲಿಯೂ ಎಲ್ಲರೂ ಸೋಡಾ ಎನ್ನುವುದಿಲ್ಲ. ಅವರ ಓಹಾಯೋದಲ್ಲಿಯೇ ಸ್ಥಳಿಕರ ರೂಢಿಯ ಹೆಸರು ‘ಪಾಪ್’. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್ ಮುಂತಾದ ಮೂಡಣ ಕರಾವಳಿಯ ನಗರಗಳಲ್ಲಿಯೂ, ಪಡುವಣ ಕೊನೆಯ ಕ್ಯಾಲಿಫೋರ್ನಿಯಾದಲ್ಲಿಯೂ ‘ಸೋಡಾ’. ನಡುವೆ ಪಿಟ್ಸ್‌ಬರ್ಗಿನಿಂದ ಹೊರಟು ಓಹಾಯೋ, ಮಿಶಿಗನ್, ಮಿನ್ನೆಸೋಟಗಳನ್ನು ಹಾದು ವಾಯವ್ಯದ ಮೂಲೆಯವರೆಗೆ ‘ಪಾಪ್’. ಜಾರ್ಜಿಯಾ, ಅಲಬಾಮ, ಟೆಕ್ಸಸ್ ಮೊದಲಾದ ತೆಂಕಣ ಸೀಮೆಯಲ್ಲಿ ‘ಕೋಕ್’. ಪೆನ್ಸಿಲ್ವೇನಿಯಾ ಎಂಬ ಒಂದೇ ಸಂಸ್ಥಾನದೊಳಗೆ ಮೂಡಣದವರು ಸೋಡಾ ಎಂದರೆ ಪಡುವಣದವರು ಪಾಪ್ ಎನ್ನುವರು. ಪಾಪ್ ಎನ್ನುವ ಸೀಮೆಯ ನಡುವೆ ಮಿಲ್ವಾಕಿ ಎಂಬ ನಗರವು ನೀರಿನ ನಡುವಣ ನಡುಗಡ್ಡೆಯಂತೆ ಸೋಡಾ ಎನ್ನುತ್ತ ಉಳಿದಿದೆ. ಪಾಪ್ ಮತ್ತು ಕೋಕ್ ಸೀಮೆಗಳು ಕೂಡುವೆಡೆಯಲ್ಲಿ ಸೇಂಟ್ ಲೂಯಿಸ್ ನಗರವೂ ಹಾಗೆಯೇ. ಈ ಎರಡನೆಯ ಊರಿನಲ್ಲಿಯೇ ೧೯೨೯ರಲ್ಲಿ ‘ಸೆವೆನ್ ಅಪ್’ ಎಂಬ ನಿಂಬೆಯ ಪಾನೀಯವು ಹುಟ್ಟಿತು.

ಇದನ್ನೆಲ್ಲ ಗಂಭೀರವಾಗಿ ಅಳೆದು ಬರೆದ ವಿದ್ವಾಂಸರಿದ್ದಾರೆ. ಹಾರ್ವರ್ಡಿನಲ್ಲಿ ಬರ್ಟ್ ವಾಕ್ಸ್ ಎಂಬ ಭಾಷಾಶಾಸ್ತ್ರಜ್ಞರು ೨೦೦೩ರಲ್ಲಿ ಮುಗಿಸಿದ ಒಂದು ಮೋಜಣಿಯಲ್ಲಿ ದೇಶದ ಜನರಿಗೆ ನೂರಕ್ಕೂ ಮಿಕ್ಕಿ ಪ್ರಶ್ನೆಗಳನ್ನು ಕೇಳಿದರು; ಈ ಪಾನೀಯದ ಹೆಸರು ಅವುಗಳಲ್ಲೊಂದು. ಉತ್ತರವಿತ್ತವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರು ಸೋಡಾ ಎಂದರು. ಸುಮಾರು ಕಾಲುಪಾಲು ಜನ ಪಾಪ್ ಎಂದರು. ಎಂಟರಲ್ಲೊಂದು ಪಾಲು ಕೋಕ್ ಎಂದಿತು. ತಿನ್ನುವ ಕುಡಿಯುವ ಪದಾರ್ಥಗಳ ಹೆಸರಿನ ಬಗೆಗೆ ಇಷ್ಟು ಶ್ರಮವೇಕೆಂದು ಕೆಲವರು ಮೂಗುಮುರಿಯಬಹುದು. ನಮಗೆ ಹಾಗೆನಿಸದು. ತೌರಿನಿಂದ ಹೊರಟ ಹೆಣ್ಣುಮಗಳು ಉಡುಗೆಯನ್ನು ಬೇಗ ಬದಲಿಸಿಯಾಳು, ಊಟದ ಹೆಸರುಗಳನ್ನು ಅಷ್ಟು ಬೇಗ ಬದಲಿಸಳು.

‘ಪಾಪ್’ ಎಂಬುದು ಸದ್ದಿನಿಂದ ಬಂದ ಹೆಸರು. ಒಳಗಿನ ವಾಯುವಿನ ಒತ್ತಡದಿಂದ ಬೆಂಡಿನ ಬಿರಡೆಯು ಸಿಡಿದುಬರುವಾಗ ಆಗುವ ಸದ್ದದು; ಕನ್ನಡದಲ್ಲಿಯಾದರೆ ‘ಟಪ್’ ಎಂದು ಹೆಸರಾಗುತ್ತಿತ್ತೋ ಏನೋ. ಇಂಗ್ಲೆಂಡಿನ ಕವಿ ಸೌದಿಯು ೧೮೧೨ರಷ್ಟು ಹಿಂದೆಯೇ ತನ್ನ ಕಾಗದವೊಂದರಲ್ಲಿ ಈ ಹೆಸರನ್ನೂ ಅದರ ಕಾರಣವನ್ನೂ ತಿಳಿಸಿದ್ದಾನೆ. ೧೮೯೨ರಲ್ಲಿ ಬಾಲ್ಟಿಮೋರಿನ ಪೇಂಟರ್ ಎಂಬುವನು ಅಂಚು ಮಡಿಸಿದ ತಗಡಿನ ಮುಚ್ಚಳವನ್ನು ಕಂಡುಹಿಡಿದ ಮೇಲೆ ಬೆಂಡಿನ ಸಿಡಿತವು ಕಡಮೆಯಾಯಿತು. ಸದ್ದು ಅಡಗಿದರೂ ಹೆಸರು ಅಡಗಲಿಲ್ಲ.

‘ಕೋಕ್’ ಎಂಬುದರ ಕಥೆಯು ಇದಕ್ಕಿಂತಲೂ ಸ್ವಾರಸ್ಯವಾದುದು. ಜಾರ್ಜಿಯಾದ ಅಟ್ಲಾಂಟಾ ನಗರದಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧ ತಯಾರಕನು ೧೮೮೬ರಲ್ಲಿ ಒಂದು ಪಾಕವನ್ನು ಕಟ್ಟಿದನು. ಕೋಕಾ ಎಲೆಯ ಸಾರವೂ, ಕೋಲಾ ಕಾಯಿಯ ಸಾರವೂ ಇದ್ದುದರಿಂದ ಕೋಕಾ-ಕೋಲಾ ಎಂಬ ಹೆಸರಾಯಿತು. ಅದು ತೆಂಕಣ ಸೀಮೆಯಲ್ಲಿ ಎಷ್ಟು ಹಬ್ಬಿತೆಂದರೆ, ಗುಳ್ಳೆಯೇಳುವ ಸಿಹಿನೀರೆಲ್ಲವೂ ಅಲ್ಲಿಯವರ ಬಾಯಲ್ಲಿ ‘ಕೋಕ್’ ಆಯಿತು. ಅಲ್ಲಿ ಮನೆಗೆ ಬಂದ ನೆಂಟರನ್ನು “ಕೋಕ್ ಕುಡಿಯುತ್ತೀರಾ?” ಎಂದು ಕೇಳುವರು, ಹೂಂ ಎಂದರೆ “ಯಾವುದು?” ಎಂದು ಎರಡನೆಯ ಪ್ರಶ್ನೆಯನ್ನು ಹಾಕುವರು, ನೆಂಟನು “ಕಿತ್ತಲೆಯದು” ಎಂದು ಉತ್ತರ ಕೊಡುವನು. ಹೊರಗಿನವರಿಗೆ ಇದು ಹುಚ್ಚಾಗಿ ಕಂಡೀತು. ನಮ್ಮ ಮನೆಗಳಲ್ಲಿ ಎಷ್ಟೋ ಕಾಲ ವನಸ್ಪತಿ ಯಾವ ಕಂಪೆನಿಯದಾದರೂ ಡಾಲ್ಡಾ ಎನಿಸಿಕೊಳ್ಳುತ್ತಿತ್ತು. ನಕಲು ತೆಗೆಯುವ ಯಂತ್ರವು ಯಾರದಾದರೂ ಅಂಗಡಿಯ ಹಲಗೆಯ ಮೇಲೆ ಜೆರಾಕ್ಸ್ ಎಂದೇ ಇರುತ್ತದೆ. ಆದುದರಿಂದ ನಗುವ ಅಧಿಕಾರವು ನಮಗೆ ಅಷ್ಟಾಗಿ ಇಲ್ಲ.

ಹೀಗೆ ಹೆಸರು ಹರಡಿದರೆ ಒಡೆಯನಿಗೆ ಸಂತೋಷವೆಂದು ನಾವು ಎಣಿಸಬಹುದು. ವಾಸ್ತವದಲ್ಲಿ ಅದು ಅವನಿಗೆ ಭಯದ ಸಂಗತಿ. ಒಂದು ಕಂಪೆನಿಯ ಮುದ್ರೆಯ ಹೆಸರು ಜನಸಾಮಾನ್ಯರ ಮಾತಿನಲ್ಲಿ ಪದಾರ್ಥದ ಹೆಸರೇ ಆಗಿಹೋದರೆ ನ್ಯಾಯಸ್ಥಾನವು ಆ ಹಕ್ಕನ್ನು ತೆಗೆದುಹಾಕುವುದುಂಟು; ಆಸ್ಪಿರಿನ್ ಎಂಬ ಹೆಸರು ಅಮೆರಿಕಾದಲ್ಲಿ ೧೯೨೧ರಲ್ಲಿ ಹಾಗೆಯೇ ಒಡೆಯನ ಕೈತಪ್ಪಿತು. ಆದಕಾರಣ ಕೋಕಾ-ಕೋಲಾ ಕಂಪೆನಿಯು ಮೊದಮೊದಲು ‘ಕೋಕ್’ ಎಂಬ ಅಡ್ಡಹೆಸರನ್ನೇ ಸಹಿಸುತ್ತಿರಲಿಲ್ಲ. ಪೂರ್ಣನಾಮವನ್ನು ಹೇಳಿ ಕೇಳಿರೆಂದು ಜಾಹೀರಾತುಗಳಲ್ಲಿ ಬೇಡಿಕೊಳ್ಳುತ್ತಿತ್ತು. ಸದ್ದಿನಲ್ಲಿ ಅದನ್ನೇ ಹೋಲುವ ಹೆಸರಿಟ್ಟುಕೊಂಡ ಪ್ರತಿಸ್ಪರ್ಧಿಯೊಬ್ಬನ ಮೇಲೆ ಅದು ಹೂಡಿದ ದಾವೆಯು ಅಲ್ಲಿಯ ಶ್ರೇಷ್ಠ ನ್ಯಾಯಾಲಯದವರೆಗೆ ಹೋಗಿ, ೧೯೨೦ರಲ್ಲಿ ನ್ಯಾಯಮೂರ್ತಿ ಹೋಮ್ಸರು ಕಂಪೆನಿಯ ಪರವಾಗಿ ತೀರ್ಪಿತ್ತರು. ಕೊನೆಗೆ ಜನರ ಬಾಯನ್ನು ಕಟ್ಟಲಾರದೆ ಕಂಪೆನಿಯು ತಾನೇ ಸೋತು, ಅಡ್ಡಹೆಸರನ್ನು ಜಾಹೀರಾತಿನಲ್ಲಿ ಬಳಸತೊಡಗಿ, ೧೯೪೫ರಲ್ಲಿ ಅದನ್ನೂ ತನ್ನ ಮುದ್ರೆಯಾಗಿ ದಾಖಲು ಮಾಡಿಸಿತು.

ಅದಕ್ಕೂ ಕೆಟ್ಟದಾದ ಮತ್ತೊಂದು ಹೆಸರಿತ್ತು. ಕೋಕಾ ಎಲೆಯಲ್ಲಿರುವ ಅಮಲಿನ ಅಂಶವು ಹಿಂದೆ ಅಲ್ಪಪ್ರಮಾಣದಲ್ಲಿ ಈ ಪಾನೀಯದಲ್ಲಿಯೂ ಇದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ತೆಗೆದುಹಾಕಲಾಯಿತು. ತೆಗೆದ ಮೇಲೆಯೂ ಬಹುಕಾಲ ತೆಂಕಣ ಸೀಮೆಯ ಜನರು ಇದನ್ನು ಮಾದಕವಸ್ತುವಿನ ಹೆಸರಾದ ‘ಡೋಪ್’ ಎಂದೇ ಕರೆಯುತ್ತಿದ್ದರು. ಕ್ಯಾರೊಲೈನಾದ ಹತ್ತಿಯ ಗಿರಣಿಗಳಲ್ಲಿ ಕೆಲಸಗಾರರಿಗೆ ತಿಂಡಿ ಪಾನೀಯಗಳನ್ನು ತಳ್ಳಿಕೊಂಡು ಬರುತ್ತಿದ್ದ ಬಂಡಿಗೆ ‘ಡೋಪ್ ಬಂಡಿ’ ಎಂದೇ ಹೆಸರು. ಬಾಸ್ಟನ್ನಿನ ಸುತ್ತಲಿನ ಹಳಬರು ಇದೇ ಪಾನೀಯಗಳನ್ನು ‘ಟಾನಿಕ್’ ಎನ್ನುತ್ತಿದ್ದರು. ಇವು ಔಷಧವಾಗಿ ಮಾರಾಟವಾಗುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿದೆ. ಈಗ ಹಾಗೆನ್ನುವವರು ಬಹು ವಿರಳರು. ವಾಕ್ಸರ ಮೋಜಣಿಯಲ್ಲಿ ನೂರಕ್ಕೆ ಒಬ್ಬರೂ ಆ ಹೆಸರನ್ನು ಹೇಳಲಿಲ್ಲ. ಅಜ್ಜಿಯರೊಡನೆ ಶಬ್ದಗಳೂ ಹೊರಟುಹೋಗುವುದು ನಮ್ಮಲ್ಲಿ ಮಾತ್ರವಲ್ಲವೆಂದಾಯಿತು.

ಇಂಗ್ಲಿಷು ಹೋದ ಇತರ ದೇಶಗಳ ಮಾತನ್ನು ಬೇಗ ಮುಗಿಸುತ್ತೇವೆ. ಐರ್ಲೆಂಡಿನಲ್ಲಿಯೂ ಆಫ್ರಿಕಾದ ನೈಜೀರಿಯಾದಲ್ಲಿಯೂ ‘ಮಿನರಲ್’ ಎನ್ನುವರು. ಚಿಲುಮೆಯ ನೀರಿನ ನೆನಪು ಅಲ್ಲಿ ಉಳಿದಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋವಿನವರು ಶುಂಠಿ ಇರಲಿ ಬಿಡಲಿ ‘ಜಿಂಜರ್’ ಎನ್ನುವರು. ದಕ್ಷಿಣ ಆಫ್ರಿಕಾದಲ್ಲಿ ‘ಕೂಲ್ ಡ್ರಿಂಕ್’. ನಮ್ಮ ಬೆಂಗಳೂರಿನವನು ಅಲ್ಲಿಗೆ ಹೋದರೆ ತನ್ನ ಮಾತನ್ನು ತಿದ್ದಿಕೊಳ್ಳಬೇಕಾದುದಿಲ್ಲ. ಜಪಾನಿನವರು ‘ಲೆಮನೇಡ್’ ಎಂಬುದನ್ನು ತಮ್ಮ ನಾಲಗೆಗೆ ಹೊಂದಿಸಿ ‘ರಾಮುನೆ’ ಎಂದು ಮಾಡಿಕೊಂಡರು. ಅದು ಬರುವ ಸೀಸೆಯನ್ನು ಕಂಡರೆ ನಮ್ಮವರು ಬೆರಗಾಗುವರು. ಏಕೆಂದರೆ ಅದು ನಮ್ಮ ಗೋಲಿ ಸೋಡಾದ ಸೀಸೆಯೇ!

ಈ ಸೀಸೆಯನ್ನು ಕಲ್ಪಿಸಿದವನು ಲಂಡನ್ನಿನ ಹೈರಂ ಕಾಡ್ ಎಂಬುವನು. ೧೮೭೨ರಲ್ಲಿ ಅದಕ್ಕೆ ಸರಕಾರದ ಹಕ್ಕುಪತ್ರವನ್ನು ಪಡೆದನು. ಕೊರಳಿನೊಳಗೆ ಒಂದು ರಬ್ಬರಿನ ಬಳೆ, ಅದರ ಕೆಳಗೆ ಒಂದು ಗಾಜಿನ ಗೋಲಿ. ಸೀಸೆಯನ್ನು ತಲೆಕೆಳಗಾಗಿಸಿ ವಾಯುವನ್ನು ತುಂಬಿದಾಗ ಗೋಲಿಯು ಬಾಯಿಯ ಕಡೆಗೆ ಜಾರಿ, ಒಳಗಿನ ಒತ್ತಡದಿಂದಲೇ ಬಳೆಗೆ ಬಿಗಿಯಾಗಿ ಅಮರಿಕೊಳ್ಳುತ್ತದೆ. ಬೆಂಡು ಬೇಡ, ಮುಚ್ಚಳ ಬೇಡ. ಕುಡಿಯಲು ಕೊಡುವ ವಸ್ತುವೇ ತನ್ನ ಬಾಗಿಲನ್ನು ತಾನು ಹಾಕಿಕೊಳ್ಳುತ್ತದೆ. ಅಂಗಡಿಯವನು ಮರದ ಗುಬಟಿನಿಂದಲೋ ಹೆಬ್ಬೆರಳಿನಿಂದಲೋ ಗೋಲಿಯನ್ನು ಒತ್ತಿದರೆ ಅದು ಕೀಚೆಂದು ಕೆಳಗಿಳಿಯುವುದು. ಬಗ್ಗಿಸುವಾಗ ಮತ್ತೆ ಬಾಯಿಗೆ ಅಡ್ಡ ಬಾರದಂತೆ ಕೊರಳಿನಲ್ಲಿ ಮಾಡಿರುವ ತಗ್ಗಿನಲ್ಲಿ ನಿಲ್ಲುವುದು. ಇತರ ದೇಶಗಳು ಈ ಸೀಸೆಯನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟ ಮೇಲೆಯೂ ಜಪಾನು ಮತ್ತು ಭಾರತಗಳು ಹಿಡಿದುಕೊಂಡುವು. ಒಡೆದ ಸೀಸೆಯ ಗೋಲಿಗಾಗಿ ನಾವು ಚಿಕ್ಕಂದಿನಲ್ಲಿ ಸೋಡಾ ಅಂಗಡಿಯ ಹಿಂದಣ ತಿಪ್ಪೆಯನ್ನು ಕೆದಕಿ ಪೆಟ್ಟುತಿಂದ ನೆನಪು ಇದೆ.

ಅಮೆರಿಕಾದವರು ಸದ್ದಿನಿಂದಲೂ ಮುದ್ರೆಯಿಂದಲೂ ಹೆಸರಿಟ್ಟರೆ, ನಮ್ಮ ದೇಶದವರು ಬಹಳವಾಗಿ ಸೀಸೆಯಿಂದಲೂ, ಬಣ್ಣದಿಂದಲೂ, ತಂಪಿನಿಂದಲೂ ಹೆಸರಿಟ್ಟರೆಂದು ನಮಗೆ ತೋರುತ್ತದೆ. ನಮ್ಮಲ್ಲಿ ಮತ್ತು ಆಂಧ್ರದಲ್ಲಿ ಗೋಲಿ ಸೋಡಾ. ಮಲೆಯಾಳದ ಕೆಲವೆಡೆ ಅವರ ಭಾಷೆಯ ಗೋಲಿಯ ಹೆಸರಿನಿಂದ ‘ವಟ್ಟು ಸೋಡಾ’. ದಿಲ್ಲಿ ಪಂಜಾಬುಗಳಲ್ಲಿ ಸೋಡಾ ಎಂಬುದನ್ನೂ ಬಿಟ್ಟು ಗೋಲಿಯನ್ನಷ್ಟೇ ಹೇಳಿ ‘ಬಂಟಾ’. ಪಾಕಿಸ್ತಾನದಲ್ಲಿ ಅತಿಥಿಗೆ ‘ಬೋತಲ್’ ತರಿಸುವರು. ಬೋತಲ್ ಎಂದರೆ ಸೀಸೆ, ಅದರೊಳಗಿನದು ಸಿಹಿಯಾದ ಗುಳ್ಳೆನೀರೆಂದು ತಿಳಿದುಕೊಳ್ಳಬೇಕು. ನಮ್ಮ ಕಡೆ ‘ಬಾಟಲಿ ತರಿಸಲೇ?’ ಎಂದು ಅತಿಥಿಯನ್ನು ಕೇಳಿದರೆ ಮನೆಯ ಹೆಂಗಸರು ಏನೆಂದುಕೊಂಡಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮಿಳುನಾಡಿನ ಹಳಬರು ‘ಕಲರ್’ ಎನ್ನುವರು. ಬಣ್ಣವಿಲ್ಲದ್ದು ಸೋಡಾ, ಬಣ್ಣವಿದ್ದದ್ದು ಕಲರ್. ನಮ್ಮ ಮೈಸೂರು ಸೀಮೆಯ ಅಂಚಿನ ಊರುಗಳಲ್ಲಿಯೂ ಈ ಮಾತನ್ನು ನಾವು ಕೇಳಿದ್ದೇವೆ. ಮದುವೆಯ ಮನೆಯಲ್ಲಿ ಬೀಗರಿಗೆ ಬರಿಯ ಸೋಡಾ ಕೊಟ್ಟು, ಗಂಡಿನ ಸೋದರಮಾವನಿಗೆ ಮಾತ್ರ ಕಲರ್ ಕೊಟ್ಟರೆಂದು ಎದ್ದ ಜಗಳವೊಂದಕ್ಕೆ ನಾವೇ ಸಾಕ್ಷಿಗಳು. ಈಗಿನ ಹುಡುಗರಿಗೆ ಕಲರ್ ಎಂದರೆ ಗೋಡೆಯ ಬಣ್ಣ, ಇಲ್ಲವೆ ಚಿತ್ರಪಟದ ಬಣ್ಣ. ಸರ್ಕಾರದ ಕಾಗದಪತ್ರಗಳಲ್ಲಿ ಮಾತ್ರ ಇಂಗ್ಲಿಷರ ಕಾಲದ ‘ಏರೇಟೆಡ್ ವಾಟರ್’ ಎಂಬ ಹೆಸರೇ ಇನ್ನೂ ಬದುಕಿದೆ. ೨೦೧೭ರಲ್ಲಿ ಹೊಸ ಸರಕು ತೆರಿಗೆಯು ಬಂದಾಗಲೂ ಅದರ ಪಟ್ಟಿಯಲ್ಲಿ ಹಾಗೆಯೇ ಬರೆದರು.

ತಂಪಿನ ಹೆಸರಿನಲ್ಲಿಯೂ ಒಂದು ಗಡಿಯಿದೆ. ದಕ್ಷಿಣದ ನಾಲ್ಕೂ ಭಾಷೆಯವರು ‘ಕೂಲ್ ಡ್ರಿಂಕ್ಸ್’ ಎಂದರೆ, ಮುಂಬಯಿ, ದಿಲ್ಲಿ, ಕಲ್ಕತ್ತೆಗಳಲ್ಲಿ ‘ಕೋಲ್ಡ್ ಡ್ರಿಂಕ್’ ಎನ್ನುವರು. ಹಿಂದಿಯ ಸೀಮೆಯಲ್ಲಿ ‘ಥಂಡಾ’ ಎಂಬ ದೇಶೀಯ ಶಬ್ದವೇ ಸಾಕು. ಈ ಶಬ್ದದ ಮೇಲೆ ನಡೆದ ವ್ಯಾಪಾರವು ಗಮನಿಸತಕ್ಕದ್ದು. ೧೯೭೭ರಲ್ಲಿ ಕೋಕಾ-ಕೋಲಾ ಕಂಪೆನಿಯು ಸರ್ಕಾರದ ಷರತ್ತುಗಳಿಗೆ ಒಪ್ಪದೆ ಭಾರತವನ್ನು ಬಿಟ್ಟುಹೋಯಿತು. ಆ ತೆರವನ್ನು ತುಂಬಲೆಂದು ಸರ್ಕಾರವೇ ಒಂದು ಪಾನೀಯವನ್ನು ಹೊರತಂದಿತು. ಅದರ ಪಾಕವನ್ನು ಸಿದ್ಧಪಡಿಸಿಕೊಟ್ಟುದು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯ. ಅದಕ್ಕಿಟ್ಟ ಹೆಸರು ಆ ವರ್ಷದ ನೆನಪಿನ ‘ಡಬಲ್ ಸೆವೆನ್’. ಸರ್ಕಾರವು ಇಟ್ಟ ಹೆಸರು ಜನರ ಬಾಯಿಗೆ ಹತ್ತಲಿಲ್ಲ, ಪಾನೀಯವೂ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಅದೇ ಕಾಲದಲ್ಲಿ ಹುಟ್ಟಿದ ‘ಥಮ್ಸ್ ಅಪ್’ ನಿಂತುಕೊಂಡಿತು. ೧೯೯೩ರಲ್ಲಿ ಹಿಂದಿರುಗಿ ಬಂದ ಅಮೆರಿಕಾದ ಕಂಪೆನಿಯು ಅದನ್ನೂ ಕೊಂಡುಕೊಂಡಿತು. ಬಳಿಕ ೨೦೦೨ರ ಸುಮಾರಿಗೆ ಆಮಿರ್ ಖಾನ್ ಎಂಬ ಪ್ರಸಿದ್ಧ ನಟನನ್ನು ಮುಂದಿಟ್ಟುಕೊಂಡು, ಥಂಡಾ ಎಂದರೆ ಕೋಕಾ-ಕೋಲಾ ಎಂದೇ ಅರ್ಥವೆಂದು ಊರೂರಿಗೆ ಸಾರಿತು. ತನ್ನ ಹೆಸರು ಜನರ ಸಾಮಾನ್ಯ ಶಬ್ದವಾಗಬಾರದೆಂದು ಸ್ವದೇಶದಲ್ಲಿ ನ್ಯಾಯಸ್ಥಾನದವರೆಗೆ ಹೋರಾಡಿದವರೇ, ನಮ್ಮ ದೇಶಕ್ಕೆ ಬಂದು ಜನರ ಸಾಮಾನ್ಯ ಶಬ್ದವೊಂದನ್ನು ತಮ್ಮ ಹೆಸರಾಗಿಸಿಕೊಳ್ಳಲು ಹಣವನ್ನು ಚೆಲ್ಲಿದರು. ಈ ವ್ಯಾಪಾರಕೌಶಲವನ್ನು ಮೆಚ್ಚಬೇಕೋ, ನಮ್ಮ ಶಬ್ದಕ್ಕೆ ನಾವು ಕಾವಲಿಲ್ಲದುದಕ್ಕೆ ಮರುಗಬೇಕೋ ತಿಳಿಯದು.

ಕನ್ನಡದಲ್ಲಿ ಪತ್ರಿಕೆಗಳು ‘ತಂಪು ಪಾನೀಯ’ ಎಂದು ಬರೆಯುತ್ತವೆ. ಒಳ್ಳೆಯ ಶಬ್ದವೇ, ಆದರೆ ಅಂಗಡಿಗೆ ಹೋಗಿ ‘ಒಂದು ತಂಪು ಪಾನೀಯ ಕೊಡಿ’ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಕೇಳಿದರೆ ಅಂಗಡಿಯವನು ಮಜ್ಜಿಗೆಯ ಪೊಟ್ಟಣವನ್ನು ಕೊಟ್ಟರೂ ಕೊಡಬಹುದು. ಮಾತಿನಲ್ಲಿ ಕೂಲ್ ಡ್ರಿಂಕ್ಸೇ ಗೆದ್ದಿದೆ. ಒಂದೇ ಸೀಸೆಯಾದರೂ ಬಹುವಚನವೇ. ದಕ್ಷಿಣ ಕನ್ನಡಕ್ಕೆ ಹೋದರೆ ಪುತ್ತೂರಿನ ಕಡೆ ತಯಾರಾಗುವ ಜೀರಿಗೆಯ ಪಾನೀಯವನ್ನು ‘ಜೀರಾ’ ಎಂದಷ್ಟೇ ಕೇಳಿ ಪಡೆಯುವರು. ‘ಸೋಡಾ’ ಎಂಬುದು ಮಾತ್ರ ನಮ್ಮಲ್ಲಿ ಸಿಹಿಯ ಕಡೆಗೆ ಜಾರದೆ ಉಳಿಯಿತು. ಇದಕ್ಕೆ ಕಾರಣವು ಆ ಗೋಲಿಯ ಸೀಸೆಯೇ ಎಂದು ನಮ್ಮ ಊಹೆ. ಅಮೆರಿಕಾದಲ್ಲಿ ಪಾಕವೂ ನೀರೂ ಕಾರಂಜಿಯ ಬಳಿ ಒಂದಾಗಿ ಲೋಟಕ್ಕೆ ಬಂದುವು. ನಮ್ಮಲ್ಲಿ ನೀರು ಸೀಸೆಯಲ್ಲಿ ಬೇರೆಯಾಗಿ ಬಂದು, ನಿಂಬೆಯ ಹಣ್ಣು, ಉಪ್ಪು, ಸಕ್ಕರೆಗಳು ಅಂಗಡಿಯ ಹಲಗೆಯ ಮೇಲೆ ಕಣ್ಣೆದುರಿಗೇ ಸೇರಿದುವು. ಆದುದರಿಂದಲೇ ಇಂದಿಗೂ ಹೋಟೆಲಿನ ಮಾಣಿಯು “ಸ್ವೀಟೋ ಸಾಲ್ಟೋ?” ಎಂದು ಕೇಳದೆ ನಿಂಬೆ ಸೋಡಾವನ್ನು ತಾರನು. ತೆಂಕಣ ಅಮೆರಿಕಾದವರ “ಯಾವ ಕೋಕ್?” ಎಂಬುದಕ್ಕೆ ಇದೇ ನಮ್ಮ ಜೋಡಿ. ದಪ್ಪಗಾಜಿನ ಕನ್ನಡಕಕ್ಕೆ ‘ಸೋಡಾಬುಡ್ಡಿ’ ಎಂಬ ಹೆಸರನ್ನು ಕೊಟ್ಟು, ಆ ಸೀಸೆಯನ್ನು ನಾವು ಮೂಗಿನ ಮೇಲೆಯೂ ಏರಿಸಿಕೊಂಡಿದ್ದೇವೆ.

ಇನ್ನು ಪ್ರಯಾಣಕ್ಕೆ ಹೊರಟವರಿಗೆ ಎರಡು ಮಾತು. ಅಮೆರಿಕಾದಲ್ಲಿ ಸಿಹಿಯಿಲ್ಲದ ಗುಳ್ಳೆನೀರು ಬೇಕಾದವರು ‘ಕ್ಲಬ್ ಸೋಡಾ’ ಎಂದೋ ‘ಸೆಲ್ಟ್ಜರ್’ ಎಂದೋ ಕೇಳಬೇಕು. ಕ್ಲಬ್ ಸೋಡಾದಲ್ಲಿ ಒಂದಿಷ್ಟು ಲವಣವಿರುವುದರಿಂದ ರಕ್ತದ ಒತ್ತಡವಿರುವವರಿಗೆ ಸೆಲ್ಟ್ಜರೇ ಮೇಲು. ಅದರ ಪಕ್ಕದಲ್ಲಿಯೇ ‘ಟಾನಿಕ್ ವಾಟರ್’ ಎಂಬ ಸೀಸೆಯಿರುವುದು. ಹೆಸರನ್ನೂ ಬಣ್ಣವನ್ನೂ ನೋಡಿ ಮೋಸಹೋಗಬಾರದು. ಅದರಲ್ಲಿ ಕ್ವಿನೈನಿನ ಕಹಿಯೊಡನೆ ಸಕ್ಕರೆಯೂ ಉಂಟು. ಅಲ್ಲಿಯ ೩೫೫ ಮಿಲಿಲೀಟರಿನ ಒಂದು ಡಬ್ಬಿ ಕೋಕಾ-ಕೋಲಾದಲ್ಲಿ ೩೯ ಗ್ರಾಂ ಸಕ್ಕರೆಯಿರುತ್ತದೆ, ಎಂದರೆ ಒಂಬತ್ತು ಚಹಾ ಚಮಚಕ್ಕೂ ಮಿಕ್ಕಿ. ಹೋಟೆಲಿನ ದೊಡ್ಡ ಲೋಟ ಎರಡಾದರೆ ಎಷ್ಟೆಂಬುದನ್ನು ಗೃಹಿಣಿಯರು ತಾವೇ ಲೆಕ್ಕಹಾಕಬಹುದು.

ನಮ್ಮ ಬೀದಿಯ ಹಿರಿಯರು ಕಳೆದ ವರ್ಷ ಮತ್ತೆ ಅಮೆರಿಕಾಕ್ಕೆ ಹೋಗಿಬಂದರು. ಮಗನಿಗೆ ಅಟ್ಲಾಂಟಾಕ್ಕೆ ವರ್ಗವಾಗಿತ್ತು. ಕೋಕಿನ ತೌರೂರಿಗೇ ಹೋದಂತಾಯಿತು. ಹೊರಡುವ ಮುನ್ನ ಅವರ ಮನೆಯಾಕೆ ಒಂದು ಚೀಟಿಯಲ್ಲಿ ಬೇಕಾದ ಹೆಸರುಗಳನ್ನು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ಅಂಗಿಯ ಜೇಬಿನಲ್ಲಿಟ್ಟರು. ಅಲ್ಲಿ ಹೋಟೆಲಿನಲ್ಲಿ ಬಡಿಸುವ ಹುಡುಗನು ಎಂದಿನಂತೆ “ಕೋಕ್?” ಎಂದು ಕೇಳಿದಾಗ, ಇವರು ಚೀಟಿಯನ್ನು ತೆಗೆದು, ಕನ್ನಡಕವನ್ನು ಏರಿಸಿ, ಕ್ಲಬ್ ಸೋಡಾ ಎಂದು ಓದಿ ಹೇಳಿದರಂತೆ. ಹುಡುಗನು ಅದನ್ನು ತಂದು, ನಿಂಬೆಯ ಹೋಳು ಬೇಕೇ ಎಂದು ಕೇಳಿದನಂತೆ. ಇವರಿಗೆ ಎಷ್ಟು ಸಂತೋಷವಾಯಿತೆಂದರೆ, ಜತೆಗೆ ಒಂದು ಚಿಟಿಕೆ ಉಪ್ಪನ್ನೂ ತರಿಸಿಕೊಂಡು, ಅಲ್ಲಿಯೇ ಕಲಸಿ ಕುಡಿದರಂತೆ.